ದಾದಾಪೀರನ ಅಂಗಿಯಲ್ಲಿ ನಿಂತವರು

ಕುರುಗೋಡು, ಅಕ್ಟೋಬರ್ ೨೦೧೦

ಬಳ್ಳಾರಿಯ ಫುಟ್ಸಾಲ್ ಸಂಘದ ಕಾರ್ಯದರ್ಶಿಗಳಿಗೆ,

೨೦೦೫ರ ಫೆಬ್ರುವರಿಯಲ್ಲಿ ನಿಮ್ಮ ಸಂಘವು ಗೋಲ್‌ಕೀಪರ್ ದಾದಾಪೀರನನ್ನು ಪಂದ್ಯ ಮಾರಿಕೊಂಡವನೆಂದು ಕರೆದು ಆಟದಿಂದ ಹೊರಹಾಕಿತು. ಅದು ಸುಳ್ಳು.

ದಾದಾಪೀರ ಸಿರುಗುಪ್ಪದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು, ಆಗ ಗಣಿ ಕಂಪನಿಯೊಂದರ ತಂಡದಲ್ಲಿ ಸಂಬಳದ ಆಟಗಾರ. ಆ ತಿಂಗಳು ನಡೆದ ನಿಮ್ಮ ಟೂರ್ನಿಯ ಫೈನಲ್ ದಿನ ನಾನು ಗೋಲಿನ ಹಿಂದೆಯೇ ಕೂತಿದ್ದೆ. ತಂಡ ಎರಡು ಗೋಲು ಮುಂದಿದ್ದಾಗ ಮ್ಯಾನೇಜರ್ ಕೂಗಿದ: “ಅಂಗಿ ಬಿಚ್ಚಿ ಕೊಡಲೇ ದಾದಾ, ಸಣ್ಣ ಧಣಿ ಫೋಟೊ ತೆಗಿಸ್ಕೊಳ್ತಾರ!”

ನಿಮಗೆ ಗೊತ್ತೇ ಇದೆ, ಫುಟ್ಸಾಲ್ ಎಂಬ ಈ ಐದೈದು ಜನರ ಕಿರು ಫುಟ್‌ಬಾಲ್‌ನಲ್ಲಿ ರೆಫರಿಯನ್ನು ಕೇಳದೆಯೇ ಆಟಗಾರರನ್ನು ಬದಲಿಸಬಹುದು. ಸಣ್ಣ ಧಣಿ, ಅಂದರೆ ಕಂಪನಿ ಮಾಲೀಕರ ಮಗ, ದಾದಾಪೀರನ ಹೆಸರಿದ್ದ ಅಂಗಿ ತೊಟ್ಟು ಗೋಲಿನಲ್ಲಿ ನಿಂತರು.

“ಕ್ಯಾಮೆರಾ ನೋಡಬ್ಯಾಡ್ರಿ ಧಣಿ, ಚೆಂಡು ಈ ಕಡಿಂದ ಬರತೈತಿ,” ಎಂದು ದಾದಾಪೀರ ನಕ್ಕ.

ಒಂದರ ಹಿಂದೊಂದು ಮೂರು ಗೋಲು ಬಿದ್ದವು. ಧಣಿಯನ್ನು ಹೊರಗೆ ಕರೆಯುವ ಧೈರ್ಯ ಮ್ಯಾನೇಜರಿಗಿರಲಿಲ್ಲ; ತಂಡ ಸೋತಿತು. ಮರುದಿನ ಅಂಗಿಯ ಮೇಲಿದ್ದ ಹೆಸರೇ ತಪ್ಪಿತಸ್ಥನ ಹೆಸರಾಯಿತು. ನೋಡಿದವರು ನೂರಾರು ಜನ. ಹೆಚ್ಚಿನವರ ಅನ್ನ ಅದೇ ಕಂಪನಿಯದು.

ಈಗ ದಾದಾಪೀರ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾನೆ. ನಮ್ಮೂರ ಶಾಲೆಯವರು ಹುಡುಗಿಯರಿಗೆ ಆಟ ಕಲಿಸಲು ಅವನನ್ನು ಕರೆದರೆ, ಕಳಂಕಿತನೆಂದು ನೀವು ತಡೆದಿದ್ದೀರಿ. ಆ ಸಣ್ಣ ಧಣಿಯೇ ಇಂದು ನಿಮ್ಮ ಸಂಘದ ಅಧ್ಯಕ್ಷರು.

ಈ ಭಾನುವಾರ ನಡೆಯುವ ನಿಮ್ಮ ಸಂಘದ ಸಮಾರಂಭಕ್ಕೆ ಆ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆದುಕೊಂಡು ಬರುತ್ತಿದ್ದೇನೆ. ದಯವಿಟ್ಟು ನಮಗೆ ಮುಂದಿನ ಸಾಲು ಕಾಯ್ದಿರಿಸಿ. ನಿಮ್ಮ ಅಧ್ಯಕ್ಷರು ಮೈಕಿನ ಮುಂದೆ ಎಲ್ಲರಿಗೂ ಕೇಳುವಂತೆ ಉತ್ತರಿಸಲಿ: ಆ ಮೂರು ಗೋಲು ಬಿಟ್ಟವರು ಯಾರು?

ಇತಿ,
ಗಿರಿಜಾಬಾಯಿ
ನಿವೃತ್ತ ಶಿಕ್ಷಕಿ