ಹನ್ನೊಂದು ಸೆಕೆಂಡು

ಪುಟ್ಟೀ,

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊ. ಒಣಗಿದ ಬಟ್ಟೆ ಒಳಗೆ ತಾ. ನಾನು ಅಂಗಡಿಯಿಂದ ಬರುವುದು ತಡವಾಗುತ್ತದೆ.

ನಿನ್ನ ಮನಃಶಾಸ್ತ್ರದ ಮೇಡಂ ನಿನ್ನೆ ಅಂಗಡಿಗೆ ರವಿಕೆಯ ಅಳತೆ ಕೊಡಲು ಬಂದಿದ್ದರು. ಟೇಪು ಹಿಡಿದಿದ್ದ ನನ್ನ ಕೈಯನ್ನೇ ಹಿಡಿದುಕೊಂಡು, "ಬಾಗಿಲು ಬಡಿದ್ರೆ ಈಗ್ಲೂ ಎದೆ ಝಲ್ ಅನ್ನುತ್ತಾ?" ಎಂದರು. ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಹುಡುಗಿಯರಿಬ್ಬರೂ ತಲೆಯೆತ್ತಿ ನೋಡಿದರು. ತೋಳಿನ ಅಳತೆ ತಪ್ಪಾಗಿ ಬರೆದುಕೊಂಡೆ.

"ಒಂದೊಂದೇ ಪದ ಹೇಳ್ತೀನಿ, ಮನಸ್ಸಿಗೆ ಬಂದಿದ್ದು ಹೇಳಮ್ಮ, ಬರೀ ಸೆಕೆಂಡು ಬರ್ಕೋತೀನಿ" ಅಂದಿದ್ದೆ ನೀನು, ಹೋದ ತಿಂಗಳು, ಕಾಲೇಜಿನ ಪ್ರಯೋಗಕ್ಕೆ ಅಂತ. ಆಟವೆಂದುಕೊಂಡು ಗುಂಡಿ ಹೊಲಿಯುತ್ತಲೇ ಹೇಳಿದೆ. ಇವತ್ತು ಬೆಳಿಗ್ಗೆ ನೀನು ಹೋದ ಮೇಲೆ ನಿನ್ನ ರೆಕಾರ್ಡ್ ಪುಸ್ತಕ ತೆಗೆದು ನೋಡಿದೆ. "ಗಂಡ" ಅಂದಾಗ "ಬಾಗಿಲು" ಅಂದೆನಂತೆ, ಹನ್ನೊಂದು ಸೆಕೆಂಡು ಹಿಡಿಯಿತಂತೆ. ಅದರ ಕೆಳಗೆ, ನಿಮ್ಮಪ್ಪ ಬಾಗಿಲು ಬಡಿದು ಹೊರಟುಹೋದ ದಿನದ ಕಥೆಯನ್ನೆಲ್ಲ ಬರೆದಿದ್ದೀಯ. ಅದು ನಿನ್ನೊಬ್ಬಳಿಗೇ ಹೇಳಿದ್ದು, ಪುಟ್ಟೀ. ನನ್ನ ಹೆಸರು ಹಾಕಿಲ್ಲ, ನಿಜ. "ಪ್ರಯೋಗಕ್ಕೆ ಒಳಗಾದವರು: ತಾಯಿ" ಎಂದು ಬರೆದ ಮೇಲೆ ಹೆಸರು ಯಾಕೆ ಬೇಕು? ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ.

ಆ ಹಾಳೆಯನ್ನು ನಾನು ಹರಿದಿಲ್ಲ. ಪುಸ್ತಕ ಮೇಜಿನ ಮೇಲಿದೆ, ನಾಳೆ ಮರೆಯದೆ ತಗೊಂಡು ಹೋಗು. ನಿನ್ನ ಸಮವಸ್ತ್ರದ ತೋಳು ಬಿಚ್ಚಿ ಉದ್ದ ಮಾಡಿಟ್ಟಿದ್ದೇನೆ.

ನೀನು ಮೂವತ್ತು ಪದ ಕೇಳಿದೆ, "ಮಗಳು" ಅಂತ ಕೇಳಲೇ ಇಲ್ಲ. ಅವತ್ತು ಕೇಳಿದ್ದರೆ ಒಂದು ಸೆಕೆಂಡೂ ಹಿಡಿಯುತ್ತಿರಲಿಲ್ಲ. ಇವತ್ತು ಕೇಳಬೇಡ.

ಬಾಗಿಲು ಮೆಲ್ಲಗೆ ಹಾಕಿಕೊ.

ಅಮ್ಮ