ಕಟ್ಟಿ ಹಾಕಿ ಬನ್ನಿ ಎಂದ ಬಾಯಿ

ಕ್ಷಮಿಸಿ ಮಾನ್ಯರೇ, ಈ ಪತ್ರ ಹೇಳಲು ಕೂತದ್ದು ಇದು ಮೂರನೇ ಸಲ, ಮತ್ತೆ ಮೊದಲಿನಿಂದ ಹೇಳುತ್ತೇನೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದೇನೆ, ಪತ್ರಿಕೆಯವರು ಬರೆದುಕೊಂಡು ಅಚ್ಚು ಹಾಕಲಿ. ವಿಪತ್ತು ನಿರ್ವಹಣಾಧಿಕಾರಿಗಳಾದ ತಮಗೆ ನನ್ನ ಮುಖ ಗೊತ್ತಿಲ್ಲ, ದನಿ ಗೊತ್ತು. ಕಾಡಿಗೆ ಬೆಂಕಿ ಬಿದ್ದ ದಿನ ಊರು ಖಾಲಿ ಮಾಡಿಸಲು ವ್ಯಾನಿನ ಮೈಕಿನಲ್ಲಿ ನಿಮ್ಮ ಸೂಚನೆಯ ಹಾಳೆ ಓದಿದವನು ನಾನು.

ಅದರ ನಾಲ್ಕನೇ ಸಾಲು ನೆನಪಿದೆಯೇ? 'ಸಾಕುಪ್ರಾಣಿಗಳನ್ನು ಸುರಕ್ಷಿತವಾಗಿ ಕಟ್ಟಿ ಹಾಕಿ ಬನ್ನಿ.' ಅಗ್ನಿಶಾಮಕ ವಾಹನಕ್ಕೆ ಅಡ್ಡ ಬರಬಾರದೆಂಬುದು ತಮ್ಮ ಕಾಳಜಿ. ಒಪ್ಪಿದೆ. ಆದರೆ ಸುರಕ್ಷಿತವಾಗಿ ಕಟ್ಟುವುದೆಂದರೇನು ಸ್ವಾಮಿ? ಬೆಂಕಿಗೆ ಓದಲು ಬರುತ್ತದೆಯೇ?

ಕೊನೆಯ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ವ್ಯಾನಿಗೆ ಅಡ್ಡ ನಿಂತಳು. ಕಂಕುಳಲ್ಲಿ ಕುಂಟು ನಾಯಿ.

"ಅಣ್ಣಾ, ಇದನ್ನೂ ಬಸ್ಸಿಗೆ ಹತ್ತಿಸ್ಲಾ? ಕಾಲ ಹತ್ರಾನೇ ಮಲ್ಕೊಂಡಿರತ್ತೆ."

"ಕಟ್ಟಿ ಹಾಕಿ ಬಾರಮ್ಮಾ. ಸಂಜೆಗೆ ವಾಪಸ್ ಬರ್ತೀವಲ್ಲ."

ಸಂಜೆ ಎಂಬುದು ನಿಮ್ಮ ಹಾಳೆಯಲ್ಲಿರಲಿಲ್ಲ. ಅದು ನನ್ನ ಸೇರ್ಪಡೆ. ಮೂವತ್ತು ವರ್ಷ ಮೈಕು ಹಿಡಿದವನ ಚಟ: ಜನ ಹಿಂಜರಿದರೆ ಒಂದು ಸಿಹಿ ಮಾತು ಅಂಟಿಸುವುದು. ಅವಳು ನಂಬಿದಳು. ಸರಪಳಿಯನ್ನು ಕಿಟಕಿಯ ಕಂಬಿಗೆ ಎರಡು ಸುತ್ತು ಸುತ್ತಿ, ಬಟ್ಟಲಿಗೆ ನೀರಿಟ್ಟು ಬಸ್ಸು ಹತ್ತಿದಳು.

ನಾಲ್ಕನೇ ದಿನ ಜನರನ್ನು ಊರೊಳಗೆ ಬಿಟ್ಟರು. ನಾನೂ ಅವಳ ಜೊತೆಗೆ ಹೋದೆ. ಮೊಲ, ಜಿಂಕೆ, ಮುಂಗುಸಿ, ಅಂದರೆ ನನ್ನ ಮೈಕಿಗೆ ಕಿವಿಗೊಡದವು, ಚರಂಡಿ ಹಿಡಿದು ಕೆರೆಗೆ ಓಡಿದ್ದವು. ಪಾದ ಸುಟ್ಟಿದ್ದರೂ ಒಂದಷ್ಟು ಉಳಿದಿದ್ದವು. ಅವಳ ನಾಯಿ ಸರಪಳಿಯ ಉದ್ದದಷ್ಟೇ ಓಡಿತ್ತು.

ಅವಳು ಬೈಯಲಿಲ್ಲ. "ನಿಮ್ಮ ತಪ್ಪೇನಣ್ಣಾ, ಮೇಲಿನವ್ರು ಬರ್ಕೊಟ್ಟಿದ್ದನ್ನ ಓದಿದ್ರಿ" ಎಂದಳು. ಬೈದಿದ್ದರೇ ವಾಸಿಯಿತ್ತು.

ಆ ಸಾಲು ತಿದ್ದಿ, ಮಾನ್ಯರೇ. ಬುಟ್ಟಿಯಲ್ಲೋ ಹಗ್ಗ ಹಿಡಿದೋ ಜೊತೆಗೆ ಕರೆತನ್ನಿ ಎನ್ನಿ. ಶಿಬಿರದಲ್ಲಿ ಅವಕ್ಕೊಂದು ಮೂಲೆ ಕೊಡಿ. ತರಲಾಗದಿದ್ದರೆ ಬಿಚ್ಚಿಬಿಡಿ, ಗೇಟು ತೆರೆದಿಡಿ ಎನ್ನಿ. ಬೆಂಕಿ ಆರಿದ ಮೇಲೆ ಕಾಡಂಚಿನಲ್ಲಿ ನೀರಿಡಿಸಿ. ಸುಟ್ಟ ಗಾಯದ ಪ್ರಾಣಿ ಕಂಡವರು ಅದನ್ನು ಅಟ್ಟದೆ, ಮುಟ್ಟದೆ ಯಾರಿಗೆ ಫೋನು ಮಾಡಬೇಕೆಂದು ಒಂದು ನಂಬರು ಹಾಕಿ. ಹಾಳೆಯಲ್ಲಿ ಜಾಗವಿಲ್ಲ ಎನ್ನಬೇಡಿ. ಹಿಂಬದಿ ಪೂರಾ ಖಾಲಿ, ನಾನೇ ತಿರುಗಿಸಿ ನೋಡಿದ್ದೇನೆ.

ತಡೆಯಿರಿ, ವ್ಯಾನಿನ ಡ್ರೈವರ್ ಕೂಗುತ್ತಿದ್ದಾನೆ.

"ಸಾರ್, ಬೇಗ ಬನ್ನಿ! ಗುಡ್ಡದ ಆ ಕಡೆ ಹೊಗೆ ಎದ್ದಿದೆ. ಹಾಳೆ ಕಳ್ಸಿದಾರೆ, ಅದೇ ಹಳೇದು."

ಹೋಗಿ ಓದುತ್ತೇನೆ, ಮಾನ್ಯರೇ. ನಾಲ್ಕನೇ ಸಾಲಿನ ಜಾಗದಲ್ಲಿ ಏನು ಹೇಳುತ್ತೇನೆಂದು ತಮಗೀಗ ಗೊತ್ತು. ಕೆಲಸದಿಂದ ತೆಗೆಯುವುದಾದರೆ, ಎಲ್ಲರೂ ಬಸ್ಸು ಹತ್ತಿದ ಮೇಲೆ ತೆಗೆಯಿರಿ. ಫೋನು ಇಡುತ್ತೇನೆ.

ಇಂತಿ,
ತಮ್ಮ ಬಾಡಿಗೆ ಕಂಠ