ನೆಗೆಟಿವ್ ಬಂದವನ ಮುರಿದ ಬೆರಳುಗಳು

ಮಾನ್ಯ ಆರೋಗ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಪತ್ರ ಕೈಸೇರಿತು. "ದೂರುದಾರರ ಎಚ್‌ಐವಿ ಪರೀಕ್ಷೆಯ ಫಲಿತಾಂಶವು ನೆಗೆಟಿವ್ ಆಗಿರುವುದರಿಂದ ಯಾವುದೇ ಹಾನಿ ಸಂಭವಿಸಿರುವುದಿಲ್ಲ, ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂದು ಬರೆದಿದ್ದೀರಿ. ಓದಿ ನಕ್ಕೆ. ನಕ್ಕಾಗ ಮೇಲ್ದವಡೆಯ ಹೊಲಿಗೆ ಎಳೆಯುತ್ತದೆ, ಆದ್ದರಿಂದ ಹೆಚ್ಚು ಹೊತ್ತು ನಗಲಾಗಲಿಲ್ಲ. ಮುಂದಿನ ಎರಡು ಹಲ್ಲು, ಬಲಗೈಯ ಮೂರು ಬೆರಳು, ಅಂಗಡಿಯ ಮೂರು ಕನ್ನಡಿ, ಇಷ್ಟು ಹೋಗಿವೆ. ನಿಮ್ಮ ಇಲಾಖೆಯ ನಿಘಂಟಿನಲ್ಲಿ ಹಾನಿ ಎನ್ನುವ ಪದಕ್ಕೆ ಅರ್ಥವೇನು ಎಂದು ತಿಳಿದರೆ ನಾನೂ ಕಲಿತುಕೊಳ್ಳುತ್ತೇನೆ.

ನಾನು ಕ್ಷೌರಿಕ. ಹತ್ತೊಂಬತ್ತು ವರ್ಷದಿಂದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮೂರು ಕುರ್ಚಿಯ ಅಂಗಡಿ ನಡೆಸಿದವನು. ಮದುವೆಯಾದವನು. ಈ ಎರಡನೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಪ್ಪು ಅಲ್ಲಿದೆ. ತಲೆಗೂದಲಿನ ಬಣ್ಣ ಮಾರುವ ಕಂಪನಿಯವರು ಬೇರೆ ಊರಿನಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ಅಲ್ಲಿಗೆ ನನ್ನ ಹಾಗೆಯೇ ಅಂಗಡಿ ನಡೆಸುವ ಹೆಂಗಸೊಬ್ಬಳು ಬಂದಿದ್ದಳು. ಬುಧವಾರ ಸಂಜೆ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಕಾಂಡೋಮ್ ಹರಿಯಿತು. ಆಕೆಗೆ ರೋಗವಿದೆ ಎಂದು ಯಾರೂ ಹೇಳಲಿಲ್ಲ. ಇಲ್ಲವೆಂದೂ ಯಾರೂ ಹೇಳಲಿಲ್ಲ. ಭಯಕ್ಕೆ ಅಷ್ಟು ಸಾಕಾಯಿತು.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ನಿಮ್ಮ ಆಸ್ಪತ್ರೆಗೆ ಬಂದೆ. ನೋಂದಣಿ ಕಿಟಕಿಯ ಮೇಲೆ ನಿಮ್ಮದೇ ದೊಡ್ಡ ಭಿತ್ತಿಪತ್ರ: "ಸೋಂಕಿನ ಅನುಮಾನವೇ? ಎಪ್ಪತ್ತೆರಡು ಗಂಟೆಯೊಳಗೆ ಬನ್ನಿ, ತಡೆಯುವ ಮಾತ್ರೆ ಲಭ್ಯ." ನಾನು ಬಂದದ್ದು ನಲವತ್ತೈದನೆಯ ಗಂಟೆಗೆ. ಭಿತ್ತಿಪತ್ರದ ಅಡಿಯಲ್ಲೇ ಕೂತಿದ್ದ ಗುಮಾಸ್ತರಿಗೆ ಬಾಗಿ, ಮೆಲ್ಲಗೆ, ಆ ಮಾತ್ರೆ ಬೇಕಿತ್ತು ಎಂದೆ.

"ಯಾವ ಮಾತ್ರೆ? ಜೋರಾಗಿ ಹೇಳ್ರೀ, ಕೇಳಿಸ್ತಾ ಇಲ್ಲ."

ಹಿಂದೆ ಇಪ್ಪತ್ತು ಜನರ ಸಾಲು. ನಾನು ಬೆರಳಿನಿಂದ ಭಿತ್ತಿಪತ್ರ ತೋರಿಸಿದೆ. ಅವರು ತಲೆಯೆತ್ತಿ ನೋಡಿದರು, ಮೊದಲ ಸಲ ನೋಡಿದವರಂತೆ. "ಓ, ಅದಾ? ಆ ಡಾಕ್ಟ್ರು ರಜೆ. ಸೋಮವಾರ ಬನ್ನಿ."

"ಸೋಮವಾರಕ್ಕೆ ಹೊತ್ತು ಮೀರುತ್ತೆ ಸಾರ್."

"ಮಾಡೋವಾಗ ಇರಬೇಕಿತ್ತು ಈ ಲೆಕ್ಕ" ಎಂದರು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ತಲೆ ತಗ್ಗಿಸಿ ಹೊರಬಂದೆ. ಅಲ್ಲೇ ನಿಂತು ಜಗಳವಾಡಬೇಕಿತ್ತು, ನಿಜ. ಆದರೆ ಗುಟ್ಟು ಹೊತ್ತವನ ಗಂಟಲಲ್ಲಿ ಜಗಳ ಹುಟ್ಟುವುದಿಲ್ಲ. ಇದು ನಿಮ್ಮ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಸೋಮವಾರ ರಜೆ ಮುಗಿಸಿ ಬಂದ ವೈದ್ಯರು, "ಛೆ, ಎರಡು ದಿನ ಮೊದಲು ಬರಬಾರದಿತ್ತಾ? ಇನ್ನು ಪರೀಕ್ಷೆ ಮಾಡೋದೊಂದೇ ದಾರಿ, ಆರು ವಾರಕ್ಕೆ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ" ಎಂದರು.

ಆ ಮೂರು ತಿಂಗಳು ನಾನು ಬದುಕಿದ್ದು ಹೇಗೆ ಎಂದು ಬರೆಯಲು ನಿಮ್ಮ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಗಿರಾಕಿಗೆ ಟವೆಲು ಸುತ್ತಿ ಕೂರಿಸಿ, ಅವನು ಕಣ್ಣು ಮುಚ್ಚಿದಾಗ ಕನ್ನಡಿಯಲ್ಲಿ ನನ್ನ ನಾಲಿಗೆ ನೋಡಿಕೊಳ್ಳುತ್ತಿದ್ದೆ, ಬಿಳಿ ಮಚ್ಚೆ ಬಂತೇ ಎಂದು. ಕತ್ತಿನ ಗಂಟು ಒತ್ತಿ ಒತ್ತಿ, ಒತ್ತಿದ್ದಕ್ಕೇ ಊದಿಕೊಂಡಿತು. ಸೀನಿದರೆ ಸತ್ತೆ ಅನ್ನಿಸುತ್ತಿತ್ತು. ಬೆರಳಿಗೆ ಬ್ಲೇಡ್ ತಾಗಿದ ದಿನ ಅಂಗಡಿ ಮುಚ್ಚಿಬಿಡುತ್ತಿದ್ದೆ. ಹೆಂಡತಿಗೆ ಬೆನ್ನುನೋವು ಎಂದು ಸುಳ್ಳು ಹೇಳಿ ನೆಲದ ಮೇಲೆ ಮಲಗಿದೆ. ಅವಳು ದಿನಾ ಬೆನ್ನಿಗೆ ಎಣ್ಣೆ ತಿಕ್ಕಿದಳು. ಇಲ್ಲದ ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆಯನ್ನು ನಾನು ಕಂಡಿಲ್ಲ.

ಆರನೆಯ ವಾರದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮೂರು ತಿಂಗಳ ದಿನ ಬಂದಾಗ ಮಾತ್ರ ಆಸ್ಪತ್ರೆಯ ಗೇಟಿನವರೆಗೆ ಬಂದು ಕಾಲು ಬಾರದೆ ಹಿಂದಿರುಗಿದೆ. ತಿಳಿಯದಿದ್ದರೆ ಇನ್ನೊಂದು ವಾರವಾದರೂ ಮನುಷ್ಯನಾಗಿರಬಹುದು ಎಂಬ ಆಸೆ.

ಆಗ ನಿಮ್ಮ ಇಲಾಖೆಗೆ ಇದ್ದಕ್ಕಿದ್ದಂತೆ ಕರ್ತವ್ಯಪ್ರಜ್ಞೆ ಉಕ್ಕಿತು. ಗುರುವಾರ ನಿಮ್ಮ ಕ್ಷೇತ್ರ ಕಾರ್ಯಕರ್ತ ಬೈಕಿನಿಂದ ಇಳಿಯದೆ, ಅಂಗಡಿಯ ಬಾಗಿಲಿನಿಂದಲೇ ಕೂಗಿದ: "ಏನ್ರೀ, ಎಚ್‌ಐವಿ ಟೆಸ್ಟಿಗೆ ಬರಲೇ ಇಲ್ಲವಲ್ಲ? ನಿಮ್ಮ ಹೆಸರು ಹಾಗೇ ಬಾಕಿ ಇದೆ!" ಒಳಗೆ ನಾಲ್ವರಿದ್ದರು. ಒಬ್ಬರ ಕೆನ್ನೆಯ ಮೇಲೆ ನನ್ನ ಕತ್ತಿಯಿತ್ತು. ಅವರು ಉಸಿರು ಬಿಗಿಹಿಡಿದು, "ನಿಧಾನಕ್ಕೆ ತೆಗಿಯಪ್ಪಾ, ನಿಧಾನಕ್ಕೆ" ಎಂದರು, ಹಾವಿನೊಂದಿಗೆ ಮಾತಾಡುವ ಹಾಗೆ.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಯಾರು ಅವಳು?"

ಹೇಳಿದೆ. ಕಪಾಳಕ್ಕೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಆಮೇಲೆ, "ಮೂರು ತಿಂಗಳು ಒಬ್ಬನೇ ಒಳಗೊಳಗೆ ಬೆಂದಿದ್ದೀಯಲ್ಲ, ನಿನಗೆ ಬಾಯಿ ಇರಲಿಲ್ವಾ?" ಎಂದು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತಳು. ಆ ಎರಡು ಏಟಿನ ಬಗ್ಗೆ ನನ್ನ ದೂರಿಲ್ಲ. ಅವು ನನಗೆ ಸಲ್ಲಬೇಕಾದವು.

ಶನಿವಾರ ಮಧ್ಯಾಹ್ನ ಅವಳ ತಮ್ಮ ಅಂಗಡಿಗೆ ಬಂದ. ನನ್ನ ಬಾಮೈದ. ಅವನ ಮದುವೆಗೆ ತಲೆ ಬಾಚಿ ಸಿದ್ಧಮಾಡಿದವನು ನಾನು. ಜೊತೆಗೆ ಆರು ಜನ, ಅದರಲ್ಲಿ ಮೂವರು ನನ್ನ ಹಳೆಯ ಗಿರಾಕಿಗಳು. ಮೊದಲು ಕನ್ನಡಿಗಳು ಹೋದವು. ನನ್ನನ್ನು ತಲೆ ತೊಳೆಯುವ ತೊಟ್ಟಿಗೆ ಅದುಮಿ ನಲ್ಲಿ ಬಿಟ್ಟರು. ಮೂಗಿನೊಳಗೆ ಸೋಪಿನ ನೀರು, ಕಿವಿಯೊಳಗೆ ಬೈಗುಳ. ಮೇಲೆತ್ತಿದಾಗ ಬಾಮೈದನ ಮುಷ್ಟಿ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ತಲೆಯ ಒಳಗಿನಿಂದ ಕೇಳಿಸುತ್ತದೆ, ಗೊತ್ತೇ ನಿಮಗೆ? "ಯಾವ ಕೈಯಲ್ಲಿ ಕತ್ತಿ ಹಿಡೀತೀಯೋ?" ಎಂದ ಒಬ್ಬ. ನಾನು ಹೇಳಲಿಲ್ಲ. ಗಿರಾಕಿಗಳಲ್ಲವೇ, ಅವರಿಗೇ ಗೊತ್ತಿತ್ತು. ಬಲಗೈಯನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು, ಕುರ್ಚಿಯಿಂದ ಕಿತ್ತ ಕಾಲಿಡುವ ಕಬ್ಬಿಣದಿಂದ ಹೊಡೆದರು. ಒಂದು. ಎರಡು. ಮೂರನೆಯದಕ್ಕೆ ನನಗೆ ಎಚ್ಚರವಿರಲಿಲ್ಲ.

ಕಣ್ಣು ತೆರೆದಾಗ ನಿಮ್ಮ ಆಸ್ಪತ್ರೆಯ ತುರ್ತು ವಿಭಾಗ. ಎರಡು ಹಾಸಿಗೆಯಾಚೆ ಬಾಮೈದ ನಿಂತಿದ್ದ. ನನ್ನ ಹಲ್ಲು ಅವನ ಬೆರಳಿನ ಗೆಣ್ಣನ್ನು ಸೀಳಿತ್ತು. ನನ್ನ ರಕ್ತ, ಅವನ ರಕ್ತ, ಎರಡೂ ಒಂದಾಗಿದ್ದವು. ಅವನ ಮುಖ ಸುಣ್ಣದಂತಿತ್ತು. "ಅವನಿಗೆ ಅದಿದೆ ಸಾರ್, ಅದಿದೆ, ನನಗೇನಾದ್ರೂ ಕೊಡಿ!" ಎಂದು ಕಿರುಚುತ್ತಿದ್ದ. ದಾದಿ ಹೋದರು, ಕಪಾಟಿನ ಬೀಗ ತೆಗೆದರು, ಇಪ್ಪತ್ತೆಂಟು ದಿನದ ಮಾತ್ರೆಯ ಡಬ್ಬಿ ತಂದರು. ಇಪ್ಪತ್ತು ನಿಮಿಷ ಹಿಡಿಯಿತು. ಶನಿವಾರ ಸಂಜೆ. ಆ ಡಾಕ್ಟರು ಅಂದೂ ರಜೆಯಲ್ಲಿದ್ದರು! ಹಾಗಾದರೆ ಸ್ವಾಮಿ, ನಾನು ಮಾಡಿದ ತಪ್ಪು ಯಾವುದು? ಸದ್ದಿಲ್ಲದೆ ಕೇಳಿದ್ದೇ? ಯಾರಿಗಾದರೂ ಹೊಡೆದು ಬಂದಿದ್ದರೆ ನನಗೂ ಆ ಕಪಾಟು ತೆರೆಯುತ್ತಿತ್ತೇ? ಅವನಿಗೆ ಕೊಟ್ಟದ್ದು ಸರಿ. ಸಾಯುವ ಭಯದವನಿಗೆ ಕೊಡಲೇಬೇಕು. ನನಗೇಕೆ ಇಲ್ಲವೆಂದಿರಿ ಎಂಬುದಷ್ಟೇ ಪ್ರಶ್ನೆ.

ನನ್ನ ಹೆಂಡತಿ ಓಡಿಬಂದಳು. ತಮ್ಮನ ಮುಂದೆ ನಿಂತು ಹೇಳಿದಳು: "ಮೋಸ ಹೋದವಳು ನಾನು. ಹೊಡೆಯೋ ಹಕ್ಕಿದ್ದರೆ ನಂದು, ಹೊಡೆದೂ ಆಗಿತ್ತು. ನಿನಗ್ಯಾರೋ ಕೊಟ್ಟರು?"

ಇನ್ನು ನಾನು ಹೇಳಿಕೊಳ್ಳಲು ನಾಚುವ ಭಾಗ. ಆ ದಿನವೇ ನನ್ನ ಕೊನೆಯ ಪರೀಕ್ಷೆಯ ರಕ್ತ ತೆಗೆದರು. ಮಂಗಳವಾರ ವರದಿ ಬಂತು, ನೆಗೆಟಿವ್. ಬುಧವಾರ ಬಾಮೈದ ಬಂದು ಹಾಸಿಗೆಯ ತುದಿಯಲ್ಲಿ ಕೂತ. ಮಾತ್ರೆಯಿಂದ ವಾಂತಿಯಾಗಿ ಕಣ್ಣು ಗುಳಿ ಬಿದ್ದಿದ್ದವು. ನಿಮ್ಮ ಸಿಬ್ಬಂದಿಗೆ ಆಗ ಗೌಪ್ಯತೆಯ ನಿಯಮ ನೆನಪಾಗಿತ್ತಂತೆ, ಇನ್ನೊಬ್ಬರ ವರದಿ ಹೇಳುವಂತಿಲ್ಲ ಎಂದು ಅವನನ್ನು ಕಳಿಸಿದ್ದರು.

"ಭಾವ, ನಿಜ ಹೇಳು. ನಿನಗಿದೆಯಾ?"

ವರದಿ ನನ್ನ ದಿಂಬಿನ ಕೆಳಗಿತ್ತು. "ಇನ್ನೂ ಬಂದಿಲ್ಲ" ಎಂದೆ.

ಹತ್ತು ದಿನ ಹಾಗೆಯೇ ಹೇಳಿದೆ. ಅವನು ದಿನಾ ಬಂದ. ತನ್ನ ಕೂಸನ್ನು ಎತ್ತಿಕೊಳ್ಳುತ್ತಿಲ್ಲ ಎಂದ. ಬೇರೆ ಲೋಟ ಇಟ್ಟುಕೊಂಡಿದ್ದೇನೆ ಎಂದ. ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತೇನೆ ಎಂದ. ಕೇಳುತ್ತಾ ನನಗೆ ಸುಖವಾಗುತ್ತಿತ್ತು. ಹೌದು, ಸುಖ. ಬೆರಳು ಮುರಿದಿದ್ದರೂ ಅವನನ್ನು ಸೀಳಲು ನನ್ನಲ್ಲೊಂದು ಅಲಗಿತ್ತು, ದಿನಕ್ಕೊಮ್ಮೆ ಮಸೆಯುತ್ತಿದ್ದೆ. ಹನ್ನೊಂದನೆಯ ದಿನ ದಿಂಬಿನ ಬಟ್ಟೆ ಬದಲಿಸುವಾಗ ಹೆಂಡತಿಗೆ ವರದಿ ಸಿಕ್ಕಿತು. ಓದಿ, ದಿನಾಂಕ ನೋಡಿ, ನನ್ನ ಮುಖ ನೋಡಿದಳು. "ನೀನೂ ಅವರ ಹಾಗೇ ಆಗಿಬಿಟ್ಯಲ್ಲೋ" ಎಂದಳು. ಕಬ್ಬಿಣದ ಏಟಿಗಿಂತ ಅದು ಒಳಗಿಳಿಯಿತು. ಅವಳೆದುರೇ ಫೋನ್ ಮಾಡಿ ಹೇಳಿದೆ. ಆ ಕಡೆ ಅವನು ಬಹಳ ಹೊತ್ತು ಅತ್ತ. ಕ್ಷಮಿಸು ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಈಗ ರಸ್ತೆಯ ಜನ ಒಳ್ಳೆಯವರಾಗಿದ್ದಾರೆ. "ರಿಪೋರ್ಟ್‌ಗೆ ಫ್ರೇಮ್ ಹಾಕಿಸಿ ಅಂಗಡಿ ಗೋಡೆಗೆ ತೂಗುಹಾಕಿಬಿಡು, ಗಿರಾಕಿ ತಾನೇ ಬರ್ತಾರೆ" ಎನ್ನುತ್ತಾರೆ. ತಮ್ಮ ಪತ್ರದ ಕೊನೆಯಲ್ಲೂ ಅಂಥದೇ ಉಪಕಾರವಿದೆ: ಬೇಕಿದ್ದರೆ ನಾನು ಸೋಂಕುರಹಿತನೆಂದು ಇಲಾಖೆಯ ಮುದ್ರೆಯೊಂದಿಗೆ ಪ್ರಕಟಣೆ ಹೊರಡಿಸುತ್ತೀರಂತೆ. ಬೇಡ. ಆ ಕಾಗದ ಗೋಡೆಗೇರಿದ ದಿನ ನಾನು ಒಪ್ಪಿಕೊಂಡಂತಾಗುತ್ತದೆ, ತಪ್ಪು ಮನುಷ್ಯನಿಗೆ ಹೊಡೆದಿರಿ, ಏಟಿಗೆ ಸರಿಯಾದವನು ಬೇರೆ ಇದ್ದಾನೆ ಎಂದು. ನಿಮ್ಮ ಕಿಟಕಿಯ ಸಾಲಿನಲ್ಲಿ ಇಂದು ಬೆಳಿಗ್ಗೆಯೂ ಒಬ್ಬ ಬಾಗಿ ಪಿಸುಗುಟ್ಟುತ್ತಿದ್ದಾನೆ. ಅವನ ವರದಿ ಪಾಸಿಟಿವ್ ಬರಬಹುದು. ಅವನ ಬೆರಳುಗಳ ಗತಿಯೇನು?

ಆದ್ದರಿಂದ ನನ್ನ ಬೇಡಿಕೆ. ದೂರನ್ನು ಮತ್ತೆ ತೆರೆಯಿರಿ. ಆ ಮಾತ್ರೆಯ ಕಪಾಟಿನ ಬೀಗದ ಕೈ ಯಾವ ದಿನವೂ ರಜೆ ಹಾಕದಂತೆ ನೋಡಿಕೊಳ್ಳಿ. ಪಿಸುಮಾತನ್ನು ಕೇಳಿಸಿಕೊಳ್ಳಲು ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ. ಮನೆ, ಅಂಗಡಿಗಳ ಮುಂದೆ ಕೂಗುವ ಬೈಕುಗಳನ್ನು ನಿಲ್ಲಿಸಿ. ಪ್ರಕಟಣೆ ಹೊರಡಿಸಲೇಬೇಕೆಂದಿದ್ದರೆ ಅದರಲ್ಲಿ ನನ್ನ ರಕ್ತದ ಸುದ್ದಿ ಬೇಡ. ಒಂದೇ ಸಾಲು ಬರೆಯಿರಿ, ದೊಡ್ಡ ಅಕ್ಷರದಲ್ಲಿ: ಅವನಿಗೆ ರೋಗವಿದ್ದಿದ್ದರೂ ಹೊಡೆಯುವಂತಿರಲಿಲ್ಲ.

ಇಂತಿ,
ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ನಲವತ್ತೆರಡನೆಯ ವಯಸ್ಸಿನಲ್ಲಿ ಕಲಿಯುತ್ತಿರುವ
ಒಬ್ಬ ಕ್ಷೌರಿಕ